ಗಲ್ಲಾಪೆಟ್ಟಿಗೆಯ ಬೀಗದ ಕೈ ಯಾರ ಹತ್ರ?



ಕಾಲೇಜುಗಳಿಗೆ ಪ್ರಶ್ನಾವಳಿ ಹಿಡಿದುಕೊಂಡು ಬರ್ತಾರೆ. "ಮುಂದೆ ಸ್ವಂತ ಉದ್ಯಮ ಮಾಡುವ ಇರಾದೆ ಇದೆಯಾ?" ಹೌದು ಅನ್ನೋದರಲ್ಲಿ ಹುಡುಗರು ಹೆಚ್ಚು, ಹುಡುಗಿಯರು ಕಡಿಮೆ. ಅಷ್ಟು ಸಾಕು, ಪಂಡಿತರು ತೀರ್ಪು ಬರೆದುಬಿಡ್ತಾರೆ: ಹೆಣ್ಣಿಗೆ ಧೈರ್ಯ ಸಾಲದು, ತರಬೇತಿ ಕೊಡಿ.

ಧೈರ್ಯ ಇಲ್ಲದವಳು ನಸುಕಿಗೇ ಎದ್ದು ಸೊಪ್ಪಿನ ಕುಕ್ಕೆ ಹೊತ್ತು ಸಂತೆಗೆ ಹೋಗ್ತಾಳಾ? ಮೀಟರ್ ಬಡ್ಡಿಗೆ ತಂದ ಸಾಲ ಸಂಜೆಗೆ ತೀರಿಸಿ, ಉಳಿದದ್ದರಲ್ಲಿ ಮಗನ ಪರೀಕ್ಷೆ ಫೀಸು ಕಟ್ತಾಳಾ? ನಮ್ಮ ಅವ್ವಂದಿರು ವ್ಯಾಪಾರ ಮಾಡುತ್ತಲೇ ಬಂದವರು. ಅದನ್ನ ಉದ್ಯಮ ಅಂತ ಯಾರೂ ಬರೆದುಕೊಳ್ಳಲಿಲ್ಲ, ಅಷ್ಟೇ.

ಇರಾದೆ ಹುಟ್ಟಿನಿಂದ ಬರೋದಲ್ಲ. ಕೈಯಲ್ಲಿ ಏನಿದೆ ಅಂತ ನೋಡಿಕೊಂಡೇ ಮನಸ್ಸು ಆಸೆಪಡುತ್ತೆ. ಬ್ಯಾಂಕಿನವರು ಜಾಮೀನು ಕೇಳ್ತಾರೆ, ಪಹಣಿ ಕೇಳ್ತಾರೆ. ಪಹಣಿಯಲ್ಲಿರೋದು ಅಪ್ಪನ ಹೆಸರು, ಅಣ್ಣನ ಹೆಸರು. ಹಿಂದೂ ಕೋಡ್ ಬಿಲ್ಲನ್ನು ಮೂಲೆಗೆ ತಳ್ಳಿದಾಗ ಬಾಬಾಸಾಹೇಬರು 1951ರಲ್ಲಿ ಮಂತ್ರಿಗಿರಿಯನ್ನೇ ಬಿಟ್ಟು ಹೊರಬಂದರು. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅನ್ನೋ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿ, ಕೇಂದ್ರದಲ್ಲಿ 2005ರಲ್ಲಿ ಬಂತು. ನಿಮ್ಮ ಮನೆ ಪಹಣಿಗೆ ಅಕ್ಕನ ಹೆಸರು ಏರಿದೆಯಾ?

ಆರನೇ ಆರ್ಥಿಕ ಗಣತಿ 2013-14ರಲ್ಲಿ ಲೆಕ್ಕ ಕೊಟ್ಟಿತು. ದೇಶದ ಸುಮಾರು 5 ಕೋಟಿ 85 ಲಕ್ಷ ಘಟಕಗಳಲ್ಲಿ ಹೆಂಗಸರ ಒಡೆತನದ್ದು ಸುಮಾರು 80 ಲಕ್ಷ. ನೂರಕ್ಕೆ ಹದಿನಾಲ್ಕೂ ತುಂಬಲಿಲ್ಲ. ಅದರಲ್ಲೂ ಹೆಚ್ಚಿನವು ಸಂಬಳದ ಆಳು ಇಲ್ಲದ ಒಂಟಿ ದುಡಿಮೆ.

2016ರಲ್ಲಿ ಸ್ಟ್ಯಾಂಡ್ ಅಪ್ ಇಂಡಿಯಾ ಬಂತು. ಪ್ರತಿ ಬ್ಯಾಂಕ್ ಶಾಖೆಯೂ 10 ಲಕ್ಷದಿಂದ 1 ಕೋಟಿವರೆಗಿನ ಸಾಲವನ್ನ ಕನಿಷ್ಠ ಒಬ್ಬ ಪರಿಶಿಷ್ಟರಿಗೆ, ಕನಿಷ್ಠ ಒಬ್ಬ ಮಹಿಳೆಗೆ ಕೊಡಬೇಕು ಅಂದಿತು. ಜಾತಿಗೊಂದು ಬಾಗಿಲು, ಹೆಣ್ಣಿಗೊಂದು ಬಾಗಿಲು. ಮೊದಲನೇದರಲ್ಲಿ ನಮ್ಮ ಗಂಡಸು, ಎರಡನೇದರಲ್ಲಿ ಮೇಲ್ಜಾತಿ ಹೆಂಗಸು ನಿಂತರೆ ನಿಯಮ ಪೂರೈಸಿತು. ದಲಿತ ಹೆಣ್ಣು ಎಲ್ಲಿ ನಿಲ್ಲಬೇಕು? ಸಾಲ ಸಿಕ್ಕಿ ಅವಳು ಇಡ್ಲಿ ಅಂಗಡಿ ಇಟ್ಟರೆ ಊರಿನ ಮೇಲ್ಬೀದಿ ಬಂದು ತಿನ್ನುತ್ತಾ? ಇದಕ್ಕೆ ಯಾವ ಪ್ರಶ್ನಾವಳಿಯಲ್ಲೂ ಕಾಲಂ ಇಲ್ಲ.

ಈಗ ಹಾಸ್ಟೆಲ್ಲಿನ ತಮ್ಮಂದಿರಿಗೆ ಒಂದು ಮಾತು. ಬ್ಯಾಂಕನ್ನ ಬೈಯೋದು ಸುಲಭ. ಅಕ್ಕ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಹಾಕ್ತೀನಿ ಅಂದರೆ "ಜನ ಏನಂತಾರೆ" ಅನ್ನೋರು ಯಾರು? ನೀವೇ ಅಲ್ವೇನ್ರಪ್ಪಾ? ಉದ್ಯೋಗಿನಿ ಯೋಜನೆಯಲ್ಲಿ ಪರಿಶಿಷ್ಟ ಹೆಣ್ಣುಮಕ್ಕಳಿಗೆ ಅರ್ಧದಷ್ಟು ಸಹಾಯಧನ ಅಂತ ಇಟ್ಟರು. ಅರ್ಜಿಗೆ ಅವಳ ಸಹಿ, ದುಡ್ಡಿಗೆ ಗಂಡನ ಬೈಕು ಆದರೆ ಅದು ಯಾರ ಉದ್ಧಾರ? 1927ರಲ್ಲಿ ಮಹಾಡದಲ್ಲಿ ಸುಟ್ಟ ಮನುವನ್ನ ಮನೆಯೊಳಗೆ ಅನ್ನ ಹಾಕಿ ಸಾಕೋದು ಯಾವ ಸೀಮೆ ಚಳವಳಿ?

ಪಹಣಿಯಲ್ಲಿ ಅವಳ ಹೆಸರು ಬರಲಿ. ಸಾಲದ ಪಾಲಿನಲ್ಲಿ ದಲಿತ ಹೆಣ್ಣಿಗೇ ಅಂತ ಮೀಸಲು ಇಡಲಿ. ಗಲ್ಲಾಪೆಟ್ಟಿಗೆಯ ಬೀಗದ ಕೈ ಅವಳ ಸೊಂಟದಲ್ಲಿರಲಿ. ಆಮೇಲೆ ಬನ್ನಿ, ಇರಾದೆ ಇದೆಯಾ ಅಂತ ಕೇಳಿ.

ಜೈ ಭೀಮ್.