ಹಿರಿಯರ ಬಳಲಿಕೆಗೆ ವಯಸ್ಸೊಂದೇ ಕಾರಣವೇ?

ಮನೆಯ ಯಜಮಾನರು 55 ದಾಟಿದ ಮೇಲೆ ಹೊಲದ ಕಡೆಗೆ ಹೋಗುವ ಹುರುಪನ್ನು ಕಳೆದುಕೊಳ್ಳುತ್ತಾರೆ, ಸಣ್ಣ ಮಾತಿಗೂ ಸಿಡುಕುತ್ತಾರೆ, ಹಗಲಿನಲ್ಲಿಯೇ ತೂಕಡಿಸುತ್ತಾರೆ. ‘ವಯಸ್ಸಾಯಿತಲ್ಲ’ ಎಂದು ನಾವೆಲ್ಲ ಸುಮ್ಮನಾಗುತ್ತೇವೆ. ದಾಂಪತ್ಯದಲ್ಲಿ ಆಸಕ್ತಿ ಕುಗ್ಗಿದುದನ್ನಂತೂ ಅವರು ಧರ್ಮಪತ್ನಿಯೊಡನೆಯೂ ಹೇಳಿಕೊಳ್ಳುವುದಿಲ್ಲ. ಈ ಮೌನವು ಆರೋಗ್ಯಕ್ಕೆ ಹಿತವಲ್ಲವೆಂಬುದು ನಮ್ಮ ಅಭಿಪ್ರಾಯ.

ಪುರುಷರ ವೃಷಣಗಳಲ್ಲಿ ಉತ್ಪತ್ತಿಯಾಗುವ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಕಾಮಾಸಕ್ತಿಗೆ ಮಾತ್ರವಲ್ಲದೆ ಸ್ನಾಯುಗಳ ಬಲಕ್ಕೆ, ಎಲುಬಿನ ಗಟ್ಟಿತನಕ್ಕೆ, ಕೆಂಪು ರಕ್ತಕಣಗಳ ಉತ್ಪತ್ತಿಗೆ ಹಾಗೂ ಮನಸ್ಸಿನ ಲವಲವಿಕೆಗೂ ಆಧಾರವಾಗಿದೆ. 30–40ರ ಬಳಿಕ ಅದರ ಪ್ರಮಾಣವು ವರ್ಷಕ್ಕೆ ಸುಮಾರು ಶೇ. 1ರಷ್ಟು ಇಳಿಯುವುದು ಸಹಜ. ಆದರೆ ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ, ಅತಿಯಾದ ಮದ್ಯಪಾನ ಹಾಗೂ ಕೆಲವು ಔಷಧಿಗಳ ಸೇವನೆಯಿಂದ ಈ ಇಳಿಕೆಯು ಹೆಚ್ಚುತ್ತದೆ. ರಕ್ತಹೀನತೆ, ಥೈರಾಯ್ಡ್ ದೋಷ ಮತ್ತು ಖಿನ್ನತೆಯಲ್ಲಿಯೂ ಇಂತಹ ಬಳಲಿಕೆ ಕಾಣುವುದರಿಂದ ಲಕ್ಷಣಗಳನ್ನಷ್ಟೇ ನೋಡಿ ತೀರ್ಮಾನಿಸಲಾಗದು.

ಆದುದರಿಂದ ಮೊದಲು ಪರೀಕ್ಷೆಯಾಗಬೇಕು. ಈ ಹಾರ್ಮೋನು ಬೆಳಗಿನ ಹೊತ್ತು ಹೆಚ್ಚಾಗಿಯೂ ಸಂಜೆಗೆ ಕಡಿಮೆಯಾಗಿಯೂ ಇರುತ್ತದೆ. ಬೆಳಿಗ್ಗೆ 10 ಗಂಟೆಯೊಳಗೆ, ಬರಿ ಹೊಟ್ಟೆಯಲ್ಲಿ, ಎರಡು ಬೇರೆ ಬೇರೆ ದಿನ ರಕ್ತ ಕೊಡುವುದು ಸರಿಯಾದ ಕ್ರಮ. ಎರಡು ಸಲವೂ ಪ್ರಮಾಣವು ಡೆಸಿಲೀಟರಿಗೆ 300 ನ್ಯಾನೊಗ್ರಾಮಿಗಿಂತ ಕೆಳಗಿದ್ದು, ಲಕ್ಷಣಗಳೂ ಇದ್ದಲ್ಲಿ ಮಾತ್ರ ವೈದ್ಯರು ಸಾಮಾನ್ಯವಾಗಿ ಕೊರತೆಯೆಂದು ಪರಿಗಣಿಸುತ್ತಾರೆ.

ಇದಾವುದನ್ನೂ ಮಾಡದೆ, ಗೋಡೆಬರಹದ ಜಾಹೀರಾತು ನಂಬಿ ಗುಟ್ಟಾಗಿ ‘ಶಕ್ತಿವರ್ಧಕ’ ಪುಡಿ ತರಿಸುವವರಿದ್ದಾರೆ. ಅದರೊಳಗೆ ಏನಿದೆಯೆಂಬುದು ಕೊಂಡವರಿಗೆ ತಿಳಿಯದು. ವೈದ್ಯರು ಕೊಡುವ ಟೆಸ್ಟೊಸ್ಟೆರಾನ್ ಚುಚ್ಚುಮದ್ದು ಕೂಡ ಎಲ್ಲರಿಗೂ ತಕ್ಕುದಲ್ಲ. ಅದರಿಂದ ರಕ್ತ ಗಟ್ಟಿಯಾಗುವುದುಂಟು. ವೀರ್ಯಾಣುಗಳ ಉತ್ಪತ್ತಿ ಕುಂದುವುದರಿಂದ ಸಂತಾನ ಬಯಸುವವರಿಗೆ ಅದು ಸಲ್ಲದು. ಪ್ರಾಸ್ಟೇಟ್ ಗ್ರಂಥಿಯ ತಪಾಸಣೆಯೂ ಅಗತ್ಯ. ಬೊಜ್ಜಿರುವವರು ತೂಕ ಇಳಿಸಿದರೆ ಹಾರ್ಮೋನಿನ ಮಟ್ಟವು ತಾನಾಗಿಯೇ ಏರುವುದುಂಟು. ಆದುದರಿಂದ ನಿತ್ಯದ ನಡಿಗೆ, ಮಿತವಾದ ಆಹಾರ, ಸಾಕಷ್ಟು ನಿದ್ರೆ, ಸಕ್ಕರೆ ಕಾಯಿಲೆಯ ಹತೋಟಿ ಇವು ಮೊದಲ ಚಿಕಿತ್ಸೆ ಎನ್ನುತ್ತೇವೆ.

ಕಾಯದ ದೌರ್ಬಲ್ಯವನ್ನು ವೈದ್ಯರ ಮುಂದೆ ಹೇಳುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ. ತಾಯಂದಿರು ಮತ್ತು ಮಕ್ಕಳು ಹಿರಿಯರ ಸಿಡುಕನ್ನು ಸ್ವಭಾವವೆಂದು ದೂರದೆ, ಒಂದು ಮುಂಜಾನೆ ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯಲಿ. ವಯಸ್ಸನ್ನು ತಡೆಯಲಾಗದು, ವಯಸ್ಸಿನ ಹೆಸರಿನಲ್ಲಿ ಅಡಗಿ ಕುಳಿತ ಕಾಯಿಲೆಯನ್ನು ಗುರುತಿಸಬಹುದು.