ಕೂದಲ ತೂಕದ ಬೆಳ್ಳಿ

ಶಿವಮೊಗ್ಗದ ನಮ್ಮ ಮೊಹಲ್ಲಾದಲ್ಲಿ ಈಗ ಹುಟ್ಟಿದ ಮಗುವಿನ ಅಖೀಖಾ ಶಾಸ್ತ್ರಕ್ಕೂ ಶಾದಿಮಹಲ್ ಹಿಡಿಯುತ್ತಾರೆ. ಬಲೂನಿನ ಕಮಾನು, ಮಗುವಿನ ಫೋಟೊದ ಫ್ಲೆಕ್ಸು, ದೇಗಿನ ಮೇಲೆ ದೇಗು ಬಿರಿಯಾನಿ. ಉಂಡು ಬಂದವರಲ್ಲಿ ನಾನೂ ಒಬ್ಬಳು. ಬಿರಿಯಾನಿಯ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಇಷ್ಟೆಲ್ಲದರ ನಡುವೆ ಬೆಳ್ಳಿ ಎಲ್ಲಿ ಹೋಯಿತು?

ಅಮ್ಮೀಯ ಕಾಲದಲ್ಲಿ ಏಳನೇ ದಿನ ಕ್ಷೌರದವರು ಮನೆಗೇ ಬಂದು ಹುಟ್ಟುಗೂದಲು ತೆಗೆಯುತ್ತಿದ್ದರು. ಒಂದೆಳೆಯೂ ಹಾರದಂತೆ ಅಮ್ಮೀ ಫ್ಯಾನ್ ಆರಿಸುತ್ತಿದ್ದಳು. ಕೂದಲನ್ನು ಪೊಟ್ಟಣ ಕಟ್ಟಿ ಅಬ್ಬಾ ಅಕ್ಕಸಾಲಿಗರ ಅಂಗಡಿಗೆ ಒಯ್ದರೆ, ಆಚಾರರು ಚಿನ್ನದ ತಕ್ಕಡಿಯಲ್ಲೇ ತೂಗಿಕೊಡುತ್ತಿದ್ದರು. ಅಷ್ಟು ತೂಕದ ಬೆಳ್ಳಿಯ ದುಡ್ಡು ಅಂದೇ ಬಡವರ ಕೈ ಸೇರಬೇಕು. ಮೊಮ್ಮಗ ಹಸನ್ ಹುಟ್ಟಿದಾಗ ಪ್ರವಾದಿಯವರು ಮಗಳು ಫಾತಿಮಾಗೆ ಹೇಳಿದ್ದು ಇದನ್ನೇ. ತೂಗಿದರೆ ಒಂದು ದಿರ್ಹಮೋ ಅದಕ್ಕೂ ಕಡಿಮೆಯೋ ಬಂತು ಎಂದು ತಿರ್ಮಿದಿಯ ಹದೀಸ್ ಸಂಗ್ರಹದಲ್ಲಿದೆ. ಅಂದರೆ ಹೆಚ್ಚೆಂದರೆ ಸುಮಾರು 3 ಗ್ರಾಂ. ಸಾಹುಕಾರನ ಮಗುವಿನ ತಲೆಯಲ್ಲೂ ಕೂಲಿಯವನ ಮಗುವಿನ ತಲೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಕೂದಲು.

ಉಳಿದದ್ದಕ್ಕೂ ಖರ್ಚಿಲ್ಲ. ಬಲಕಿವಿಯಲ್ಲಿ ಅಜಾನ್, ಎಡಕಿವಿಯಲ್ಲಿ ಇಖಾಮತ್, ಅಂಗುಳಿಗೆ ಸವರಲು ಚೂರು ಖರ್ಜೂರ. (ಅದರ ಬದಲು ಜೇನು ನೆಕ್ಕಿಸುವ ಅಜ್ಜಿಯರೇ, ವರ್ಷ ತುಂಬುವವರೆಗೆ ಜೇನು ಬೇಡವೆಂದು ಮಕ್ಕಳ ವೈದ್ಯರು ಹೇಳುವುದನ್ನು ಸ್ವಲ್ಪ ಕೇಳಿ.)

ಅಖೀಖಾದ ಆಡು ಕುರಿ ಕೊಯ್ಯುವುದು ಕೈಲಾದವರಿಗೆ. ಹನಫಿ ಪಂಥದವರಾದ ನಮಗೆ ಅದು ಕಡ್ಡಾಯವಲ್ಲ. ಕರಾವಳಿಯ ಶಾಫಿ ಪಂಥದ ಬ್ಯಾರಿಗಳು ಸುನ್ನತ್ (ಪ್ರವಾದಿಯವರ ನಡೆ) ಎಂದು ಹೆಚ್ಚು ಒತ್ತು ಕೊಡುತ್ತಾರೆ, ಆದರೆ ಅವರಲ್ಲೂ ಫರ್ಜ್ (ಕಡ್ಡಾಯ) ಅಲ್ಲ. ಗಂಡಿಗೆ ಎರಡು, ಹೆಣ್ಣಿಗೆ ಒಂದು ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ಇಬ್ಬರಿಗೂ ಒಂದೊಂದೇ ಸಾಕೆಂದ ಇಮಾಮ್ ಮಾಲಿಕರ ಮಾತು ಯಾರ ಬಾಯಲ್ಲೂ ಇಲ್ಲ. ಬೆಳ್ಳಿಯಲ್ಲಂತೂ ಈ ಭೇದವೇ ಇಲ್ಲ. ಫಾತಿಮಾ ಹಸನ್, ಹುಸೈನರ ಕೂದಲಿನಂತೆ ಹೆಣ್ಣುಮಕ್ಕಳಾದ ಝೈನಬ್, ಉಮ್ಮು ಕುಲ್ಸೂಮರ ಕೂದಲನ್ನೂ ತೂಗಿ ಬೆಳ್ಳಿ ಕೊಟ್ಟರೆಂದು ಅದೇ ಮಾಲಿಕರ ‘ಮುವತ್ತಾ’ದಲ್ಲಿದೆ.

ಮೊನ್ನೆ ತಂಗಿಯ ಮಗನಿಗೆ ಹೆಣ್ಣು ಮಗುವಾಯಿತು. “ಸಂಘದಲ್ಲಿ ಸಾಲ ಎತ್ತಿ ಆಡು ತರಲಾ ಖಾಲಾ?” ಎಂದು ಫೋನು ಮಾಡಿದ.

“ಬೇಡಪ್ಪಾ. ಏಳನೇ ದಿನ ಆಗದಿದ್ದರೆ ಹದಿನಾಲ್ಕು, ಇಪ್ಪತ್ತೊಂದು. ಅದೂ ಆಗದಿದ್ದರೆ ಅಲ್ಲಾಹ್ ಕೊಟ್ಟಾಗ ನೋಡೋಣ. ಮೊದಲು ಬೆಳ್ಳಿಯ ದುಡ್ಡು ಕೊಡು.”

“ಅತ್ತೆ ಮನೆಯವರು ಏನಂತಾರೋ...”

“ಅವರ ನಂಬರ್ ಕಳಿಸು, ನಾನು ಮಾತಾಡ್ತೀನಿ,” ಅಂದೆ.