ಗದ್ದೆ ಅಡ ಇಡುವ ಮುನ್ನ

ಮಕ್ಕಳು ಅಮೆರಿಕಕ್ಕೆ ಓದಲು ಹೊರಟರೆ ಗದ್ದೆ ಮಾರಲೇಬೇಕು ಅನ್ನೋದು ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ಮಾತು. ಬಹಳ ಕಾಲೇಜುಗಳ ಮಟ್ಟಿಗೆ ನಿಜವೇ. ಆದರೆ ಪಿಯುಸಿ ಮುಗಿಸಿ ಪದವಿಗೆ ಹೋಗುವವರಿಗೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳಲ್ಲಿ ಸೀಟು ಕೊಡುವಾಗ ಅಪ್ಪನ ಗಂಟು ನೋಡುವುದಿಲ್ಲ, ಹೊರದೇಶದವರಾದರೂ ಸರಿ. ಸೀಟು ಸಿಕ್ಕರೆ ಮನೆಯವರ ಕೈಲಾಗದ ಖರ್ಚನ್ನು ಕಾಲೇಜೇ ಹೊರುತ್ತದೆ. ಅರ್ಜಿ ಶುಲ್ಕಕ್ಕೂ ಮಾಫಿ ಕೇಳಬಹುದು.

ಹಾಗಂತ ಸುಲಭವಲ್ಲ. ನೂರು ಅರ್ಜಿ ಬಂದರೆ ಐದಕ್ಕೂ ಸೀಟು ಸಿಗದು. ‘ಗ್ಯಾರಂಟಿ’ ಅನ್ನುವ ಏಜೆಂಟನಿಗೆ ಕಾಸು ಸುರಿಯಬೇಡಿ. ಜನವರಿ ಮೊದಲ ವಾರದೊಳಗೆ ಅರ್ಜಿ ಹೋಗಬೇಕು. ಎರಡನೇ ಪಿಯುಸಿ ಶುರುವಾದಾಗಲೇ ತಯಾರಿ ನಡೆಸಿ. ನಮಗೆ ಸಂಬಳದ ಚೀಟಿ ಇಲ್ಲ. ಕಬ್ಬಿನ ಬಿಲ್ಲು, ಡೇರಿ ಪಾಸ್‌ಬುಕ್ಕು, ಪಹಣಿ, ತಹಸೀಲ್ದಾರರ ಆದಾಯ ಪತ್ರ ಜೋಡಿಸಿಡಿ. ಪ್ರಬಂಧ ಮಕ್ಕಳೇ ಬರೆಯಲಿ. ಕೆ.ಆರ್. ಪೇಟೆಯ ನಾಲೆ ನೀರಿನ ಸರದಿ, ನಾಗಮಂಗಲದ ಬತ್ತಿದ ಬೋರ್‌ವೆಲ್ಲು ಕಂಡ ಮಕ್ಕಳಿಗೆ ಬರೆಯುವ ವಿಷಯಕ್ಕೆ ಬರವೇ?

ಜೊತೆಗೆ ಸಿಇಟಿ ಬರೆದು ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನ ದಾರಿಯೂ ತೆರೆದಿರಲಿ. ಆಗ ಅಮೆರಿಕದ ಸೀಟು ತಪ್ಪಿದರೂ ಹೋಗುವುದು ಒಂದಷ್ಟು ಶ್ರಮ, ಗದ್ದೆಯಲ್ಲ.